ಇರಿಡಿಯಂ ತರಿಸಲಾ, ಇಯೋಸಿನ್ ಸಾಕಾ? ಫೋಟೋಕ್ಯಾಟಲಿಸ್ಟ್ ಕೊಳ್ಳುವ ಮೊದಲು ಓದಿ

ಬೆಳಕಿನಿಂದ ನಡೆಯುವ ರಿಯಾಕ್ಷನ್ ಶುರು ಮಾಡಲು ಹೊರಟವರು ನನ್ನನ್ನು ಮೊದಲು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಇರಿಡಿಯಂ ತರಿಸಲಾ?" ಅಂದರೆ ಬೆಳಕು ಹಿಡಿದು ರಿಯಾಕ್ಷನ್ ನಡೆಸುವ ಬಣ್ಣದ ಪುಡಿಯಾಗಿ (ಫೋಟೋಕ್ಯಾಟಲಿಸ್ಟ್) ದುಬಾರಿ ಇರಿಡಿಯಂ ಲೋಹದ ಸಂಕೀರ್ಣವೇ ಬೇಕಾ ಅಂತ. ಹತ್ತರಲ್ಲಿ ಏಳೆಂಟು ಸಲ ನನ್ನ ಉತ್ತರ, "ಈಗಲೇ ಬೇಡ." ಪೇಪರ್‌ನಲ್ಲಿ ಇರಿಡಿಯಂ ಇತ್ತು ಅಂದ ಮಾತ್ರಕ್ಕೆ ನಿಮಗೂ ಅದೇ ಬೇಕು ಅಂತೇನಿಲ್ಲ. ಎಷ್ಟೋ ಸಲ ಆ ಲ್ಯಾಬಿನ ಕಪಾಟಿನಲ್ಲಿ ಅದು ಮೊದಲೇ ಕೂತಿರುತ್ತದೆ, ಹಾಗಾಗಿ ಬಳಸಿರುತ್ತಾರೆ.

ಎಂಎಸ್ಸಿ ಪ್ರಾಜೆಕ್ಟ್ ಮಾಡುವವರು, ಪಿಎಚ್‌ಡಿಯ ಮೊದಲ ವರ್ಷದವರು, ಕಡಿಮೆ ದುಡ್ಡಿನಲ್ಲಿ ಲ್ಯಾಬ್ ನಡೆಸುವ ಮೇಷ್ಟ್ರುಗಳು, ಇವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಯಾವ ಕ್ಯಾಟಲಿಸ್ಟ್, ಯಾವ ದೀಪ ಅನ್ನುವುದನ್ನು ನಾನು ಹೇಗೆ ತೂಗುತ್ತೇನೆ ಅಂತ ಹೇಳುತ್ತೇನೆ.

ಮೊದಲು ಒಂದು ಮಾತು, ಈ ಬಣ್ಣದ ಪುಡಿಗಳು ಯಾಕೆ ಬೇಕು ಅಂತ. ನಾವು ಬಳಸುವ ಸಾವಯವ ಪದಾರ್ಥಗಳಲ್ಲಿ ಹೆಚ್ಚಿನವು ಬಿಳಿ ಪುಡಿ ಅಥವಾ ಬಣ್ಣವಿಲ್ಲದ ದ್ರವ. ಕಣ್ಣಿಗೆ ಕಾಣುವ ಬೆಳಕು ಅವುಗಳೊಳಗೆ ಹಾದುಹೋಗುತ್ತದೆ, ಹೀರಿಕೊಳ್ಳುವುದಿಲ್ಲ. ಹಳೆಯ ಕಾಲದಲ್ಲಿ ಇದಕ್ಕೆ ಅತಿನೇರಳೆ ಬೆಳಕು, ಪಾದರಸದ ದೀಪ, ಕ್ವಾರ್ಟ್ಜ್ ಪಾತ್ರೆ ಬೇಕಿತ್ತು. ಆ ಬೆಳಕಿನ ಕಷ್ಟವೇನೆಂದರೆ ಬೇಕಾದ ಬಂಧದ ಜೊತೆ ಬೇಡದ್ದನ್ನೂ ಒಡೆಯುತ್ತದೆ. 450 ನ್ಯಾನೊಮೀಟರ್‌ನ ನೀಲಿ ಬೆಳಕಿನಲ್ಲಿ ಇರುವುದು ಮೋಲ್‌ಗೆ ಸುಮಾರು 64 ಕಿಲೊಕ್ಯಾಲೊರಿ. ಒಂದು ಸಾದಾ ಕಾರ್ಬನ್-ಕಾರ್ಬನ್ ಬಂಧ ಒಡೆಯಲು 80ಕ್ಕಿಂತ ಜಾಸ್ತಿ ಬೇಕು. ಅಂದರೆ ನೀಲಿ ದೀಪದ ಕೆಳಗೆ ನಿಮ್ಮ ಪದಾರ್ಥ ಸುಮ್ನೆ ಕೂತಿರುತ್ತದೆ. ಬೆಳಕನ್ನು ಹಿಡಿಯುವುದು ಬಣ್ಣದ ಕ್ಯಾಟಲಿಸ್ಟ್ ಮಾತ್ರ. ಹಿಡಿದ ಮೇಲೆ ಅದು ಪಕ್ಕದವರಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ, ಇಲ್ಲಾ ಕೊಡುತ್ತದೆ, ಇಲ್ಲಾ ಶಕ್ತಿಯನ್ನು ಹಾಗೇ ದಾಟಿಸುತ್ತದೆ. ಈ ಮೂರರಲ್ಲಿ ನಿಮಗೆ ಬೇಕಾದದ್ದು ಯಾವುದು? ಆಯ್ಕೆ ಶುರುವಾಗುವುದು ಅಲ್ಲಿಂದ.

ಇದರ ಕನಸು ಹಳೆಯದು. ಇಟಲಿಯ ಬೊಲೊನ್ಯಾ ವಿಶ್ವವಿದ್ಯಾಲಯದ ತಾರಸಿಯ ಮೇಲೆ ಬಾಟಲಿಗಳನ್ನು ಸಾಲಾಗಿಟ್ಟು ಬಿಸಿಲಿನಲ್ಲಿ ಪ್ರಯೋಗ ಮಾಡುತ್ತಿದ್ದ ಜಾಕೊಮೊ ಚಾಮಿಚಿಯನ್ 1912ರಲ್ಲೇ ಬೆಳಕಿನ ರಸಾಯನಶಾಸ್ತ್ರದ ಭವಿಷ್ಯದ ಬಗ್ಗೆ ಬರೆದಿದ್ದರು. ರುಥೇನಿಯಂ ಕ್ಯಾಟಲಿಸ್ಟ್ ಇಟ್ಟುಕೊಂಡು 1978ರಲ್ಲಿ ಕೆಲಾಗ್ ಅನ್ನುವ ರಸಾಯನಜ್ಞರು ಒಂದು ರಿಯಾಕ್ಷನ್ ಮಾಡಿ ತೋರಿಸಿದರು. ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಮೂವತ್ತು ವರ್ಷ ಕಳೆದು 2008ರಲ್ಲಿ ಪ್ರಿನ್ಸ್‌ಟನ್‌ನ ಡೇವಿಡ್ ಮ್ಯಾಕ್‌ಮಿಲನ್ ಮತ್ತು ವಿಸ್ಕಾನ್ಸಿನ್‌ನ ಟೆಹ್‌ಶಿಕ್ ಯೂನ್, ಮರುವರ್ಷ ಕೋರಿ ಸ್ಟೀಫನ್‌ಸನ್ ಬಂದ ಮೇಲೆಯೇ ಎಲ್ಲರೂ ಇದರ ಹಿಂದೆ ಬಿದ್ದದ್ದು. ಮ್ಯಾಕ್‌ಮಿಲನ್ ಗುಂಪು ಬಳಸಿದ್ದು ಮನೆಯಲ್ಲಿ ಉರಿಸುವ 15 ವ್ಯಾಟಿನ ಫ್ಲೋರೆಸೆಂಟ್ ಬಲ್ಬು. ದೀಪಕ್ಕೆ ಎಷ್ಟು ಖರ್ಚು ಮಾಡಬೇಕು ಅಂತ ಯೋಚಿಸುವಾಗ ಈ ಬಲ್ಬನ್ನು ನೆನಪಿಟ್ಟುಕೊಳ್ಳಿ.

ಮೊದಲು ವೋಲ್ಟ್ ಲೆಕ್ಕ

ಕ್ಯಾಟಲಾಗ್ ತೆರೆಯುವ ಮೊದಲು ನಿಮ್ಮ ಪದಾರ್ಥದ ರೆಡಾಕ್ಸ್ ಪೊಟೆನ್ಶಿಯಲ್, ಅಂದರೆ ಅದರಿಂದ ಎಲೆಕ್ಟ್ರಾನ್ ಕೀಳಲು ಅಥವಾ ಅದಕ್ಕೆ ಕೊಡಲು ಎಷ್ಟು ವೋಲ್ಟ್ ಬೇಕು ಅನ್ನುವ ಅಂಕಿ ಹುಡುಕಿ. ಕ್ಯಾಟಲಿಸ್ಟಿಗೆ ಕೀಳುವಾಗ ಪ್ಲಸ್ ಅಂಕಿ ದೊಡ್ಡದಿದ್ದಷ್ಟೂ, ಕೊಡುವಾಗ ಮೈನಸ್ ಅಂಕಿ ದೊಡ್ಡದಿದ್ದಷ್ಟೂ ಬಲ ಜಾಸ್ತಿ. ಒಂದು ನಿಜವಾದ ಉದಾಹರಣೆ ತೆಗೆದುಕೊಳ್ಳೋಣ. ಬಾಕ್ ಅನ್ನುವ ರಕ್ಷಕ ಗುಂಪು ಕಟ್ಟಿದ ಪ್ರೋಲಿನ್ ಅಮೈನೊ ಆಸಿಡ್‌ನಿಂದ ಕಾರ್ಬನ್ ಡೈಆಕ್ಸೈಡ್ ಹಾರಿಸಿ ಒಂಟಿ ಎಲೆಕ್ಟ್ರಾನ್ ಇರುವ ತುಂಡು, ಅಂದರೆ ರ‍್ಯಾಡಿಕಲ್ ಮಾಡಬೇಕು. ಅದರ ಕಾರ್ಬಾಕ್ಸಿಲೇಟ್‌ನಿಂದ ಎಲೆಕ್ಟ್ರಾನ್ ಕೀಳಲು ಬೇಕಾದದ್ದು +0.95 ವೋಲ್ಟ್. ಇಲ್ಲಿ ಕೊಡುವ ಅಂಕಿಗಳೆಲ್ಲ ಅಳತೆಯ ಆಧಾರವಾಗಿ ಬಳಸುವ ಕ್ಯಾಲೊಮೆಲ್ ಎಲೆಕ್ಟ್ರೋಡಿಗೆ ಹೋಲಿಸಿದ್ದು.

ಬೆಳಕು ಕುಡಿದ ರುಥೇನಿಯಂ ಟ್ರಿಸ್‌ಬೈಪಿರಿಡಿನ್‌ಗೆ ಇರುವುದು +0.77. ಸಾಲದು. ಇಯೋಸಿನ್-ವೈ ಅನ್ನುವ ಅಗ್ಗದ ಕೆಂಪು ಬಣ್ಣಕ್ಕೆ +0.83 ಆಸುಪಾಸು. ಅದೂ ಸಾಲದು. ಫ್ಲೋರಿನ್ ಕೂಡಿಸಿದ ಇರಿಡಿಯಂ ಸಂಕೀರ್ಣಕ್ಕೆ +1.21, ಧಾರಾಳವಾಗಿ ಆಗುತ್ತದೆ. 4ಸಿಝಡ್‌ಐಪಿಎನ್ ಅನ್ನುವ ಹಳದಿ ಸಾವಯವ ಬಣ್ಣಕ್ಕೆ +1.35ರಷ್ಟು, ಅದೂ ಆಗುತ್ತದೆ. ಅಂದರೆ ನಾಲ್ಕರಲ್ಲಿ ಎರಡು ಉಳಿದವು. ಆ ಎರಡರಲ್ಲಿ ಒಂದನ್ನು ನಿಮ್ಮ ಲ್ಯಾಬಲ್ಲೇ ಒಂದೇ ಹಂತದಲ್ಲಿ ಮಾಡಬಹುದು. ಇನ್ನೊಂದನ್ನು ಮಿಲಿಗ್ರಾಂ ಲೆಕ್ಕದಲ್ಲಿ ತರಿಸಬೇಕು. ಆಯ್ಕೆ ಆಗಿಹೋಯಿತು, ಅಲ್ವಾ?

ಈ ಲೆಕ್ಕದಲ್ಲಿ ಎಲ್ಲರೂ ಬೀಳುವ ಒಂದು ಗುಂಡಿ ಇದೆ. ಕೆಲವು ಪೇಪರ್‌ಗಳು ಅಂಕಿಗಳನ್ನು ಇನ್ನೊಂದು ಆಧಾರವಾದ ಫೆರೊಸೀನ್‌ಗೆ ಹೋಲಿಸಿ ಕೊಡುತ್ತವೆ, ಕೆಲವು ಕ್ಯಾಲೊಮೆಲ್‌ಗೆ. ಅಸಿಟೊನೈಟ್ರೈಲ್‌ನಲ್ಲಿ ಇವೆರಡರ ನಡುವೆ ಸುಮಾರು 0.4 ವೋಲ್ಟ್ ವ್ಯತ್ಯಾಸ. ನೋಡದೆ ಬೆರೆಸಿದರೆ ಆಗದ ರಿಯಾಕ್ಷನ್ ಆಗುವಂತೆ ಕಾಣುತ್ತದೆ. ಇನ್ನೊಂದು ವಿಷಯ, ಅಂಕಿ ಒಂದು ಚೂರು, ಅಂದರೆ 0.1 ವೋಲ್ಟ್‌ನಷ್ಟು ಕಡಿಮೆ ಬಿದ್ದರೆ ಅಷ್ಟಕ್ಕೇ ಕೈಬಿಡಬೇಡಿ. ಎಲೆಕ್ಟ್ರಾನ್ ಹೋದ ಕೂಡಲೇ ಪದಾರ್ಥ ಒಡೆದುಹೋಗುವಂತಿದ್ದರೆ ಅಂಥ ಸಣ್ಣ ಏರನ್ನು ಅದು ಹತ್ತಿಬಿಡುತ್ತದೆ.

ಹುರಿಯಾಳುಗಳು

ರುಥೇನಿಯಂ ಟ್ರಿಸ್‌ಬೈಪಿರಿಡಿನ್ ಹಳೆಯ ನಂಬಿಕಸ್ತ. ಕಿತ್ತಳೆ-ಕೆಂಪು ಹರಳು. 452 ನ್ಯಾನೊಮೀಟರ್‌ನಲ್ಲಿ ಗಟ್ಟಿಯಾಗಿ ಬೆಳಕು ಹೀರುತ್ತದೆ, ನೀಲಿ ಎಲ್ಇಡಿಗೆ ಹೇಳಿ ಮಾಡಿಸಿದ ಹಾಗೆ. ಹೀರಿದ ಶಕ್ತಿಯನ್ನು ಸುಮಾರು ಒಂದು ಮೈಕ್ರೊಸೆಕೆಂಡ್ ಇಟ್ಟುಕೊಳ್ಳುತ್ತದೆ. ಕಡಿಮೆ ಸಮಯ ಅನ್ನಿಸಬಹುದು. ಆದರೆ ಪಕ್ಕದ ಅಣುವಿಗೆ ಢಿಕ್ಕಿ ಹೊಡೆಯಲು ಅಷ್ಟು ಸಾಕು. ನೀರಿಗೆ, ಗಾಳಿಗೆ ಕೆಡುವುದಿಲ್ಲ, ವರ್ಷಗಟ್ಟಲೆ ಬಾಟಲಿಯಲ್ಲಿರುತ್ತದೆ. ಇದರ ಬಲ ಮಧ್ಯಮ. ಕೀಳುವ ಕೆಲಸಕ್ಕೆ +0.77, ಮೊದಲು ಒಂದು ಅಮೀನ್‌ನಿಂದ ಎಲೆಕ್ಟ್ರಾನ್ ಪಡೆದ ಮೇಲೆ ಕೊಡುವ ಕೆಲಸಕ್ಕೆ −1.33. ಫೀನಾಸಿಲ್ ಬ್ರೋಮೈಡ್ ಥರದ ಸುಲಭದ ಪದಾರ್ಥಕ್ಕೆ −0.49 ಸಾಕು, ಅಲ್ಲಿ ಇದು ಲೀಲಾಜಾಲ. ನಿಮ್ಮದು ಅಮೀನ್ ಮತ್ತು ಸುಲಭದ ಬ್ರೋಮೈಡ್ ಇರುವ ರಿಯಾಕ್ಷನ್ ಆಗಿದ್ದು, ಬಾಟಲಿ ಕೈಯಲ್ಲಿದ್ದರೆ ಬಳಸಿ. ಹೊಸದಾಗಿ ಕೊಳ್ಳಲು ನಾನು ಹೇಳುವುದಿಲ್ಲ.

ಇರಿಡಿಯಂ ಅಂದರೆ ಒಂದು ಪದಾರ್ಥವಲ್ಲ, ಒಂದು ಕುಟುಂಬ. ಸುತ್ತಲಿನ ಲಿಗ್ಯಾಂಡ್, ಅಂದರೆ ಲೋಹಕ್ಕೆ ಅಂಟಿಕೊಂಡ ಅಣು, ಬದಲಿಸಿದರೆ ಗುಣವೇ ಬದಲಾಗುತ್ತದೆ. ಇದರ ನಿಜವಾದ ಹೆಚ್ಚುಗಾರಿಕೆ ಅದೇ. ಫೀನೈಲ್‌ಪಿರಿಡಿನ್ ಮೂರು ಕೂಡಿಸಿದ ಇರಿಡಿಯಂ ಬೆಳಕು ಕುಡಿದ ಕ್ಷಣದಲ್ಲೇ −1.73 ವೋಲ್ಟ್ ಬಲದಿಂದ ಎಲೆಕ್ಟ್ರಾನ್ ಕೊಡುತ್ತದೆ. 2012ರಲ್ಲಿ ಸ್ಟೀಫನ್‌ಸನ್ ಗುಂಪು ಅಲ್ಕೈಲ್, ಅರೈಲ್ ಅಯೋಡೈಡ್‌ಗಳನ್ನು ಕತ್ತರಿಸಿದ್ದು ಇದರಿಂದಲೇ. ಮೇಲೆ ಹೇಳಿದ ಫ್ಲೋರಿನ್ ತಮ್ಮ ಇದಕ್ಕೆ ಉಲ್ಟಾ, ಕೀಳುವುದರಲ್ಲಿ ಜೋರು. 2014ರಲ್ಲಿ ನಿಕ್ಕಲ್ ಜೊತೆ ಸೇರಿಸಿ ಅಮೈನೊ ಆಸಿಡ್‌ಗಳನ್ನು ಅರೈಲ್ ಹ್ಯಾಲೈಡ್‌ಗೆ ಜೋಡಿಸಿದ ಪ್ರಸಿದ್ಧ ಕೆಲಸ ಇದರದ್ದೇ. ಸಮಸ್ಯೆ ಬೆಲೆ. ಇರಿಡಿಯಂ ಭೂಮಿಯ ಹೊರಪದರದಲ್ಲಿ ಅತಿ ವಿರಳ, ಪ್ಲಾಟಿನಂ ಗಣಿಗಳ ಉಪ ಉತ್ಪನ್ನವಾಗಿ ಸಿಗುತ್ತದೆ. 2021ರಲ್ಲಿ ಅದರ ಬೆಲೆ ಔನ್ಸ್‌ಗೆ 6,000 ಡಾಲರ್ ದಾಟಿತ್ತು. ಹಾಗಂತ ಹೆದರಬೇಕಿಲ್ಲ. 0.2 ಮಿಲಿಮೋಲ್ ಪ್ರಮಾಣಕ್ಕೆ 1 ಮೋಲ್ ಶೇಕಡ ಅಂದರೆ ಒಂದೂವರೆ ಎರಡು ಮಿಲಿಗ್ರಾಂ ಅಷ್ಟೇ. ಹತ್ತು ಉದಾಹರಣೆ ಮಾಡುವವರಿಗೆ ಅದು ಖರ್ಚಲ್ಲ. ಮೂರು ತಿಂಗಳು ಕಂಡೀಷನ್ ಹುಡುಕುತ್ತಾ ಕೂರುವವರಿಗೆ ಖರ್ಚು. ಹುಡುಕಾಟದ ಹಂತದಲ್ಲಿ ಅಗ್ಗದ್ದು, ಅದು ಸೋತರೆ ಮಾತ್ರ ಇರಿಡಿಯಂ. ನನ್ನ ಲೆಕ್ಕ ಇಷ್ಟು.

4ಸಿಝಡ್‌ಐಪಿಎನ್ ಬಗ್ಗೆ ನನಗೆ ಪಕ್ಷಪಾತ ಇದೆ, ಮೊದಲೇ ಹೇಳಿಬಿಡುತ್ತೇನೆ. ಇದು ಹುಟ್ಟಿದ್ದು ಕ್ಯಾಟಲಿಸ್ಟ್ ಆಗಲು ಅಲ್ಲ. ಜಪಾನಿನ ಕ್ಯುಶು ವಿಶ್ವವಿದ್ಯಾಲಯದ ಅದಾಚಿ ಗುಂಪು 2012ರಲ್ಲಿ ಓಎಲ್ಇಡಿ ಪರದೆಗೆ ಬೇಕಾದ ಹೊಳೆಯುವ ಪದಾರ್ಥವಾಗಿ ಇದನ್ನು ತಂದಿತು. 2016ರಲ್ಲಿ ಅಮೆರಿಕದ ರಸಾಯನಜ್ಞರು ಇದನ್ನೇ ಫ್ಲಾಸ್ಕಿಗೆ ಹಾಕಿ ನೋಡಿದರು. ಇರಿಡಿಯಂ ಮಾಡುವ ಬಹಳಷ್ಟು ಕೆಲಸ ಇದೂ ಮಾಡಿತು. ಟೆಟ್ರಾಫ್ಲೋರೊ ಐಸೊಥ್ಯಾಲೊನೈಟ್ರೈಲ್, ಕಾರ್ಬಝೋಲ್, ಸೋಡಿಯಂ ಹೈಡ್ರೈಡ್, ಒಣಗಿದ ಟಿಎಚ್ಎಫ್ ದ್ರಾವಕ, ಒಂದೇ ಹಂತ. ಗ್ರಾಂಗಟ್ಟಲೆ ಮಾಡಿಟ್ಟುಕೊಳ್ಳಬಹುದು. ಕೀಳಲು +1.35, ಒಮ್ಮೆ ಎಲೆಕ್ಟ್ರಾನ್ ಸಿಕ್ಕ ಮೇಲೆ ಕೊಡಲು −1.2. ಎರಡೂ ಕಡೆ ಚೆನ್ನಾಗಿದೆ.

ದೋಷ ಇಲ್ಲದೆ ಇಲ್ಲ. ಕಾರ್ಬಾಕ್ಸಿಲಿಕ್ ಆಸಿಡ್‌ಗಳ ಜೊತೆ ಬೆಳಕಿನಲ್ಲಿಟ್ಟಾಗ ಕೆಲವೊಮ್ಮೆ ಇದರ ಒಂದು ಸಯನೊ ಗುಂಪೇ ಕಿತ್ತುಹೋಗಿ ಆ ಜಾಗಕ್ಕೆ ನಿಮ್ಮ ಪದಾರ್ಥದ ತುಂಡು ಬಂದು ಕೂರುತ್ತದೆ. ಆಮೇಲೆ ಕೆಲಸ ಮಾಡುತ್ತಿರುವುದು ನೀವು ಹಾಕಿದ ಕ್ಯಾಟಲಿಸ್ಟ್ ಅಲ್ಲ, ಅದರ ಮಗ. ಇಳುವರಿ ಬರುತ್ತಿದ್ದರೆ ತೊಂದರೆ ಇಲ್ಲ, ಆದರೆ ಮೆಕ್ಯಾನಿಸಂ ಬರೆಯುವಾಗ ಎಚ್ಚರ. ಇನ್ನೊಂದು ಕಿರಿಕಿರಿ ಎಂದರೆ ಶುದ್ಧ ಮಾಡುವ ಕಾಲಮ್‌ನಲ್ಲಿ ಈ ಹಳದಿ ನಿಮ್ಮ ಪ್ರಾಡಕ್ಟ್ ಜೊತೆಗೇ ಇಳಿದು ಬರುವುದು. ಯುವಿ ಲ್ಯಾಂಪ್ ಕೆಳಗೆ ಪದಾರ್ಥ ಬೇರ್ಪಡಿಸಿ ನೋಡುವ ತಟ್ಟೆ, ಅಂದರೆ ಟಿಎಲ್‌ಸಿ ಹಿಡಿದರೆ ಎಷ್ಟು ಹೊಳೆಯುತ್ತದೆ ಅಂದರೆ ಚೂರೇ ಚೂರು ಇದ್ದರೂ ಕಣ್ಣು ಕುಕ್ಕುತ್ತದೆ.

ಇಯೋಸಿನ್-ವೈ ಅಗ್ಗದ ರಾಜ. ಆಸ್ಪತ್ರೆಯ ಪೆಥಾಲಜಿ ಲ್ಯಾಬಿನಲ್ಲಿ ಸ್ಲೈಡಿಗೆ ಗುಲಾಬಿ ಬಣ್ಣ ಹಾಕುತ್ತಾರಲ್ಲ, ಅದೇ. ಕೆಂಪು ಶಾಯಿಯಲ್ಲೂ ಇದ್ದದ್ದು ಇದೇ. 2011ರಲ್ಲಿ ಜರ್ಮನಿಯ ಕೋನಿಗ್ ಮತ್ತು ಝೈಟ್ಲರ್ ಮ್ಯಾಕ್‌ಮಿಲನ್‌ರ ಮೂಲ ರಿಯಾಕ್ಷನ್‌ನಲ್ಲಿ ರುಥೇನಿಯಂ ತೆಗೆದು ಇದನ್ನು ಹಾಕಿ, ಹಸಿರು ಎಲ್ಇಡಿ ಹಚ್ಚಿ ತೋರಿಸಿದರು. ಮರುವರ್ಷ ಕೋನಿಗ್ ಗುಂಪು ಡಯಾಜೋನಿಯಂ ಉಪ್ಪುಗಳನ್ನು ಫ್ಯೂರಾನ್‌ನಂಥ ಉಂಗುರಗಳಿಗೆ ಜೋಡಿಸಿತು. ಡಯಾಜೋನಿಯಂ ಎಲೆಕ್ಟ್ರಾನ್‌ಗಾಗಿ ಬಾಯಿ ಬಿಟ್ಟುಕೊಂಡೇ ಕೂತಿರುತ್ತದೆ. ಇಯೋಸಿನ್‌ನ −1.11 ಅದಕ್ಕೆ ಬೇಕಾದ್ದಕ್ಕಿಂತ ಜಾಸ್ತಿ.

ಇಯೋಸಿನ್ ಸೋಲುವ ಜಾಗ ಆಮ್ಲ. ಆಮ್ಲ ಬಿದ್ದರೆ ಇದು ಒಳಗೊಳಗೇ ಉಂಗುರ ಮುಚ್ಚಿಕೊಂಡು ಬಣ್ಣ ಕಳೆದುಕೊಳ್ಳುತ್ತದೆ. ಬಣ್ಣ ಹೋದರೆ ಬೆಳಕು ಹೀರುವುದೆಲ್ಲಿ? ನಿಮ್ಮ ಗುಲಾಬಿ ದ್ರಾವಣ ಅರ್ಧ ಗಂಟೆಯಲ್ಲಿ ಬಿಳುಚಿಕೊಂಡರೆ ಮೊದಲು ಆಮ್ಲವನ್ನು ಅನುಮಾನಿಸಿ. ಎರಡನೆಯ ತಪ್ಪು ದೀಪದ್ದು. ಇಯೋಸಿನ್ ಹೀರುವುದು 530-540ರ ಹಸಿರನ್ನು. ಎಲ್ಲರ ಬಳಿ ಇರುವುದು ನೀಲಿ ದೀಪ. "ಇಯೋಸಿನ್ ವರ್ಕ್ ಆಗಲಿಲ್ಲ" ಅನ್ನುವವರಲ್ಲಿ ಎಷ್ಟು ಜನ ಹಸಿರು ದೀಪ ಹಚ್ಚಿದ್ದರು ಅಂತ ಕೇಳಿ ನೋಡಿ.

ಅಕ್ರಿಡಿನಿಯಂ ಅನ್ನುವ ಸಾವಯವ ಬಣ್ಣ ಒಂದೇ ಕೆಲಸದ, ಅಂದರೆ ಎಲೆಕ್ಟ್ರಾನ್ ಕೀಳುವ ಪೈಲ್ವಾನ. ಜಪಾನಿನ ಫುಕುಝುಮಿ 2004ರಲ್ಲಿ ಮೆಸಿಟೈಲ್ ಕೂಡಿಸಿದ ರೂಪ ತಂದರು, ನಾರ್ತ್ ಕ್ಯಾರೊಲೈನಾದ ಡೇವಿಡ್ ನೈಸ್‌ವಿಕ್ಸ್ 2012ರಿಂದ ಅದನ್ನು ಆಲ್ಕೀನ್‌ಗಳ ಮೇಲೆ ಬಳಸಿದರು. +2 ವೋಲ್ಟ್ ದಾಟುವ ಬಲ. ಸ್ಟೈರೀನ್‌ಗೆ +1.97 ಬೇಕು, ಇಲ್ಲಿರುವ ಬೇರೆ ಯಾರೂ ಅಷ್ಟು ಮುಟ್ಟುವುದಿಲ್ಲ. ಹೊಸ ಗುಂಪು ಆಲ್ಕೀನ್ ಬಂಧದ ಯಾವ ಕಾರ್ಬನ್ನಿಗೆ ಸೇರುತ್ತದೆ ಅಂತ ಹೇಳುವ ಮಾರ್ಕೊವ್ನಿಕೊಫ್ ನಿಯಮಕ್ಕೆ ಉಲ್ಟಾ ಆಲ್ಕೊಹಾಲ್, ಅಮೀನ್ ಸೇರಿಸಬೇಕು ಅಂದರೆ ಕಣ್ಣು ಮುಚ್ಚಿ ಇದನ್ನೇ ತೆಗೆದುಕೊಳ್ಳಿ. ಆದರೆ ವಾಪಸ್ ಕೊಡುವ ಬಲ ಬರೀ −0.57. ಅದಕ್ಕೇ ಪಕ್ಕದಲ್ಲಿ ಡೈಫೀನೈಲ್ ಡೈಸಲ್ಫೈಡ್ ಥರದ ಜೊತೆಗಾರ ಬೇಕು. ಲ್ಯಾಬ್‌ನವರ ಮೂಗು ಒಪ್ಪಿದರೆ ಸರಿ. ಟರ್ಷರಿ ಬ್ಯುಟೈಲ್ ಇರುವ ರೂಪವನ್ನೇ ಕೊಳ್ಳಿ, ಹಳೆಯ ರೂಪ ಬೇಗ ಬಣ್ಣ ಬಿಡುತ್ತದೆ.

ಇನ್ನು ಕಾರ್ಬನ್ ನೈಟ್ರೈಡ್. ಮೆಲಮಿನ್ ಅಥವಾ ಯೂರಿಯಾವನ್ನು ಮುಚ್ಚಿದ ಮೂಸೆಯಲ್ಲಿಟ್ಟು 550 ಡಿಗ್ರಿಗೆ ಕೆಲವು ಗಂಟೆ ಕಾಯಿಸಿದರೆ ಹಳದಿ ಪುಡಿ ಸಿದ್ಧ. ಮಫಲ್ ಫರ್ನೇಸ್ ಇಲ್ಲದ ಕೆಮಿಸ್ಟ್ರಿ ಡಿಪಾರ್ಟ್‌ಮೆಂಟ್ ಕಡಿಮೆ. 460 ನ್ಯಾನೊಮೀಟರ್‌ವರೆಗಿನ ಬೆಳಕು ಹೀರುತ್ತದೆ. ಟೈಟಾನಿಯಂ ಡೈಆಕ್ಸೈಡ್‌ಗೆ 387ರ ಕೆಳಗಿನ ಅತಿನೇರಳೆಯೇ ಬೇಕು, ಆ ಲೆಕ್ಕದಲ್ಲಿ ಇದು ವಾಸಿ. ಕರಗುವುದಿಲ್ಲ, ಹಾಗಾಗಿ ಸೋಸಿ ಮತ್ತೆ ಬಳಸಬಹುದು, ಕಾಲಮ್‌ನಲ್ಲಿ ಬಣ್ಣದ ಕಾಟ ಇಲ್ಲ. ಬೆಲೆಯಂತೂ ಕೇಳುವುದೇ ಬೇಡ. ಆದರೆ ಪ್ರತಿ ಬ್ಯಾಚ್ ಸ್ವಲ್ಪ ಬೇರೆ ಇರುತ್ತದೆ. ಹಾಲಿನಂತೆ ಬೆಳಕನ್ನು ಚದುರಿಸುತ್ತದೆ. ಸಣ್ಣ ಟ್ಯೂಬಿನಲ್ಲಿ ಹರಿಸಲು ಹೋದರೆ ಕಟ್ಟಿಕೊಳ್ಳುತ್ತದೆ.

ಎಲೆಕ್ಟ್ರಾನ್ ಬೇಡ, ಶಕ್ತಿ ದಾಟಿಸಿದರೆ ಸಾಕು ಅನ್ನುವ ರಿಯಾಕ್ಷನ್‌ಗಳಿಗೆ ವೋಲ್ಟ್ ಲೆಕ್ಕ ಬಿಟ್ಟು ಟ್ರಿಪ್ಲೆಟ್ ಶಕ್ತಿ, ಅಂದರೆ ಬೆಳಕು ಕುಡಿದ ಮೇಲೆ ಪಕ್ಕಕ್ಕೆ ದಾಟಿಸಬಹುದಾದ ಶಕ್ತಿ, ನೋಡಿ. ಸ್ಟೈರೀನ್‌ಗೆ ಮೋಲ್‌ಗೆ 60 ಕಿಲೊಕ್ಯಾಲೊರಿ ಆಸುಪಾಸು ಬೇಕು. ಫ್ಲೋರಿನ್ ಇರಿಡಿಯಂ 61ರಷ್ಟು ಕೊಡುತ್ತದೆ, ಯೂನ್ ಗುಂಪು 2012ರಲ್ಲಿ ಸ್ಟೈರೀನ್‌ಗಳಿಂದ ನಾಲ್ಕು ಮೂಲೆಯ ಉಂಗುರ ಕಟ್ಟಿದ್ದು ಹಾಗೆ. ಇರಿಡಿಯಂಗೆ ದುಡ್ಡು ಕೊಡಬಹುದು ಅಂತ ನಾನು ಒಪ್ಪುವುದು ಇಂಥ ಕಡೆ. ಥಯೊಕ್ಸಾಂಥೋನ್ ಅಗ್ಗದ ಬದಲಿ, ಶಕ್ತಿ ಇನ್ನೂ ಜಾಸ್ತಿ, ಆದರೆ 400ರ ಹತ್ತಿರದ ನೇರಳೆ ದೀಪ ಕೇಳುತ್ತದೆ.

ದೀಪದ ಮಾತು

ನನ್ನ ಮೊದಲ ಫೋಟೋರಿಯಾಕ್ಟರ್ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೊಂಡ ಎಲ್ಇಡಿ ಪಟ್ಟಿ, ಒಂದು ಬೀಕರ್, ಮತ್ತೆ ಅಂಟು ಟೇಪು. ಇಯೋಸಿನ್, ಡಯಾಜೋನಿಯಂ, ರಾತ್ರಿಯಿಡೀ ಬೆಳಕು. ಬೆಳಿಗ್ಗೆ ಒಳ್ಳೆಯ ಇಳುವರಿ. ಖುಷಿಯೋ ಖುಷಿ. ವಾರ ಕಳೆದ ಮೇಲೆ ಸುಮ್ನೆ ಒಂದು ಥರ್ಮಾಮೀಟರ್ ಇಳಿಬಿಟ್ಟೆ. ಬೀಕರ್ ಒಳಗೆ 50 ಡಿಗ್ರಿ ದಾಟಿತ್ತು. ಅದೇ ಮಿಶ್ರಣವನ್ನು ಅಲ್ಯುಮಿನಿಯಂ ಫಾಯಿಲ್ ಸುತ್ತಿ, ಕತ್ತಲಲ್ಲಿ, ಅದೇ ಬಿಸಿಯ ಎಣ್ಣೆ ಸ್ನಾನದಲ್ಲಿಟ್ಟೆ. ಇಳುವರಿ ಹೆಚ್ಚುಕಡಿಮೆ ಅಷ್ಟೇ ಬಂತು. ಬೆಳಕು ಮಾಡಿದ ಕೆಲಸ ಅಂತ ನಾನು ಅಂದುಕೊಂಡಿದ್ದರಲ್ಲಿ ಬಹುಪಾಲು ಸೆಕೆಯದ್ದು! ಅಂದಿನಿಂದ ದೀಪಕ್ಕಿಂತ ಮೊದಲು ಫ್ಯಾನ್ ಕೊಳ್ಳುತ್ತೇನೆ. ಹಳೆಯ ಕಂಪ್ಯೂಟರಿನ ಕೂಲಿಂಗ್ ಫ್ಯಾನ್ ಆದರೂ ಸರಿ.

ಪಟ್ಟಿ ದೀಪ ಅಗ್ಗ, ಆದರೆ ಬೆಳಕು ತೆಳು, ಎರಡು ಪಟ್ಟಿಯ ನಡುವೆ ಹೋಲಿಕೆ ಇರುವುದಿಲ್ಲ. ಅಕ್ವೇರಿಯಂಗೆಂದು ಮಾಡಿದ ಕೆಸಿಲ್ ಕಂಪನಿಯ ದೀಪಗಳು ಈಗ ಜಗತ್ತಿನ ಎಷ್ಟೋ ಲ್ಯಾಬ್‌ಗಳಲ್ಲಿವೆ. ಅವರ ಪಿಆರ್160ಎಲ್ ಸಾಲಿನಲ್ಲಿ 370ರಿಂದ 525 ನ್ಯಾನೊಮೀಟರ್‌ವರೆಗೆ ಬೇರೆ ಬೇರೆ ತರಂಗಾಂತರ ಸಿಗುತ್ತದೆ. ನಿಮ್ಮದು ಹುಡುಕಾಟವಾದರೆ ಪಟ್ಟಿ ಸಾಕು. ಪ್ರಕಟಿಸುವ ಅಂಕಿ ಬೇಕು, ಇನ್ನೊಂದು ಲ್ಯಾಬ್ ಅದನ್ನು ಮತ್ತೆ ಮಾಡಬೇಕು ಅಂದರೆ ಒಂದೇ ಬಣ್ಣದ ಒಳ್ಳೆಯ ದೀಪಕ್ಕೆ ದುಡ್ಡು ಹಾಕಿ. ಇರಿಡಿಯಂಗೆ ಇಟ್ಟ ದುಡ್ಡನ್ನು ಇಲ್ಲಿಗೆ ತಿರುಗಿಸಿದರೆ ನನಗೇನೂ ಬೇಜಾರಿಲ್ಲ. ಬಿಳಿ ಎಲ್ಇಡಿ ಮಾತ್ರ ಬೇಡ. ಅದರಲ್ಲಿ ಎಲ್ಲ ಬಣ್ಣವೂ ಇದೆ, ನಿಮಗೆ ಬೇಕಾದ್ದು ಕಡಿಮೆ ಇದೆ.

ದೂರವನ್ನು ಸೆಂಟಿಮೀಟರ್‌ನಲ್ಲಿ ಬರೆದಿಡಿ. 3 ಸೆಂ.ಮೀ.ನಿಂದ 6ಕ್ಕೆ ಸರಿಸಿದರೆ ಬೆಳಕು ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ನೀಲಿ ದೀಪದ ಮುಂದೆ ಕೆಲಸ ಮಾಡುವಾಗ ಕಿತ್ತಳೆ ಬಣ್ಣದ ಕನ್ನಡಕ ಹಾಕಿ, ಇದರಲ್ಲಿ ಜಂಬ ಬೇಡ.

ಕ್ಯಾಟಲಿಸ್ಟ್ ಜಾಸ್ತಿ ಹಾಕಿದರೆ ವೇಗ ಜಾಸ್ತಿ ಅನ್ನುವ ನಂಬಿಕೆಯನ್ನೂ ಬಿಡಿ. ಲೆಕ್ಕ ನೋಡಿ. ರುಥೇನಿಯಂ 1 ಮಿಲಿಮೋಲಾರ್ ಇದ್ದರೆ ಗಾಜಿನ ಗೋಡೆಯಿಂದ ಮುಕ್ಕಾಲು ಮಿಲಿಮೀಟರ್ ಒಳಗೇ ನೀಲಿ ಬೆಳಕಿನ ಶೇಕಡ 90 ಮುಗಿದುಹೋಗುತ್ತದೆ. ನಡುವಿನ ದ್ರಾವಣ ಪೂರ್ತಿ ಕತ್ತಲಲ್ಲಿ ತಿರುಗುತ್ತಿರುತ್ತದೆ. ಇನ್ನೂ ಕ್ಯಾಟಲಿಸ್ಟ್ ಸುರಿದರೆ ಕತ್ತಲೆ ಹೆಚ್ಚುತ್ತದೆ ಅಷ್ಟೇ. ಸಣ್ಣ ವಯಲ್‌ನಲ್ಲಿ 4 ಗಂಟೆಗೆ ಮುಗಿದದ್ದು ಒಂದು ಲೀಟರ್ ಫ್ಲಾಸ್ಕಿನಲ್ಲಿ ಎರಡು ದಿನವಾದರೂ ಮುಗಿಯದಿರುವುದು ಇದಕ್ಕೇ. ಗ್ರಾಂಗಟ್ಟಲೆ ಬೇಕಾದರೆ ದೊಡ್ಡ ಫ್ಲಾಸ್ಕು ಹುಡುಕಬೇಡಿ, ಒಂದು ಮಿಲಿಮೀಟರ್ ಒಳವ್ಯಾಸದ ಪಾರದರ್ಶಕ ಟ್ಯೂಬನ್ನು ದೀಪದ ಸುತ್ತ ಸುತ್ತಿ ಪಂಪಿನಿಂದ ಹರಿಸಿ. ಕರಗುವ ಕ್ಯಾಟಲಿಸ್ಟ್ ಇಲ್ಲಿ ಗೆಲ್ಲುತ್ತದೆ, ಕಾರ್ಬನ್ ನೈಟ್ರೈಡ್ ಸೋಲುತ್ತದೆ.

ಆಮ್ಲಜನಕದ ವಿಷಯ ಎಲ್ಲರಿಗೂ ಗೊತ್ತು, ಆದರೂ ಎಲ್ಲರೂ ಸೋಮಾರಿತನ ಮಾಡುತ್ತಾರೆ. ಬೆಳಕು ಕುಡಿದ ಕ್ಯಾಟಲಿಸ್ಟಿನ ಶಕ್ತಿಯನ್ನು ಅದು ಮಧ್ಯದಲ್ಲೇ ಕದಿಯುತ್ತದೆ. ಆರ್ಗಾನ್ ಬಲೂನ್ ಚುಚ್ಚಿದರೆ ಸಾಲದು, ದ್ರಾವಣದ ಒಳಗೆ ಹತ್ತು ಹದಿನೈದು ನಿಮಿಷ ಗುಳ್ಳೆ ಬಿಡಿ. ತೀರಾ ನಾಜೂಕಿನ ಕೆಲಸಕ್ಕೆ ಹೆಪ್ಪುಗಟ್ಟಿಸಿ, ನಿರ್ವಾತ ಎಳೆದು, ಕರಗಿಸುವುದನ್ನು ಮೂರು ಸಲ ಮಾಡಿ. ಉತ್ಕರ್ಷಣೆಯೇ ನಿಮ್ಮ ಗುರಿಯಾದರೆ ಮಾತು ಬೇರೆ, ಆಗ ಗಾಳಿಯೇ ರೀಏಜೆಂಟ್.

ನಾನಾದರೆ

ಇವತ್ತು ಖಾಲಿ ಕಪಾಟಿನಿಂದ ಶುರು ಮಾಡಬೇಕು ಅಂದರೆ ಮೊದಲ ವಾರ 4ಸಿಝಡ್‌ಐಪಿಎನ್ ಎರಡು ಗ್ರಾಂ ಮಾಡಿಡುತ್ತೇನೆ, ಒಂದು ಬಾಟಲಿ ಇಯೋಸಿನ್ ತರಿಸುತ್ತೇನೆ. ಲೇಬಲ್ ಮೇಲೆ ಡೈ ಕಂಟೆಂಟ್ ಎಷ್ಟು ಶೇಕಡ ಅಂತ ನೋಡಿಕೊಂಡು. ಒಂದು ನೀಲಿ, ಒಂದು ಹಸಿರು ದೀಪ, ಎರಡು ಫ್ಯಾನ್. ಪ್ರತಿ ರಿಯಾಕ್ಷನ್ ಪಕ್ಕ ಫಾಯಿಲ್ ಸುತ್ತಿದ ಒಂದು ವಯಲ್, ಕ್ಯಾಟಲಿಸ್ಟ್ ಇಲ್ಲದ ಒಂದು ವಯಲ್. ಆಲ್ಕೀನ್ ಕೆಲಸ ಬಂದರೆ ಅಕ್ರಿಡಿನಿಯಂ. ಟ್ರಿಪ್ಲೆಟ್ ಕೆಲಸ ಬಂದರೆ, ಇಲ್ಲಾ −1.5ಕ್ಕಿಂತ ಕೆಳಗಿನ ಅಪಕರ್ಷಣೆ (ಎಲೆಕ್ಟ್ರಾನ್ ಕೊಡುವ ಕೆಲಸ) ಬಂದರೆ 100 ಮಿಲಿಗ್ರಾಂ ಇರಿಡಿಯಂ. ಅರೈಲ್ ಬ್ರೋಮೈಡ್‌ಗಳು −2 ದಾಟುವುದರಿಂದ ಅಲ್ಲಿ ಇರಿಡಿಯಂ ಕೂಡ ಕೈಕೊಡಬಹುದು. ಆಗ 10-ಫೀನೈಲ್ ಫೀನೊಥಯಜಿನ್ ನೋಡಿ. −2.1 ವೋಲ್ಟ್, ಲೋಹ ಇಲ್ಲ, ದೀಪ ಮಾತ್ರ 380ರದ್ದು.

ಬಿಸಿಲಿನಲ್ಲಿ ಇಡಬಹುದಾ ಅಂತ ಕೇಳುವವರು ಯಾವಾಗಲೂ ಇರುತ್ತಾರೆ. ಇಡಬಹುದು. ರಾಯಚೂರಿನಲ್ಲಿ ಏಪ್ರಿಲ್ ಬಿಸಿಲಿಗೆ ಬರವಿಲ್ಲ, ಬಿಲ್ಲೂ ಬರುವುದಿಲ್ಲ. ಆದರೆ ಬಾಟಲಿಯನ್ನು ಐಸ್ ನೀರಿನಲ್ಲಿಡಬೇಕು, ಮೋಡ ಬಂದಾಗೆಲ್ಲ ಸಮಯ ಬರೆಯಬೇಕು, ಸಂಜೆ ಆರಕ್ಕೆ ರಿಯಾಕ್ಷನ್ ತಾನಾಗಿ ನಿಲ್ಲುತ್ತದೆ. ಇಯೋಸಿನ್, ಕಾರ್ಬನ್ ನೈಟ್ರೈಡ್ ಇದಕ್ಕೆ ಒಗ್ಗುತ್ತವೆ. ನಿಮ್ಮ ಕಾಲೇಜು ಆಗುಂಬೆಯ ಕಡೆಗಿದ್ದು ತಿಂಗಳು ಜುಲೈ ಆಗಿದ್ದರೆ, ಸುಮ್ನೆ ಆ ಹಸಿರು ದೀಪ ಕೊಂಡುಬಿಡಿ. ಜೊತೆಗೆ ಒಂದು ಇನ್ವರ್ಟರ್.